ಉಬ್ಬಿದ ಉಡುಪು, ಇಕ್ಕಟ್ಟಾದ ಬಾಗಿಲು

ಗಾಳಿ ಹೋದ ಸೈಕಲ್ ಟ್ಯೂಬನ್ನು ಮಡಚಿ ಚೀಲಕ್ಕೆ ತುರುಕಬಹುದು. ಅದಕ್ಕೇ ಪಂಪ್ ಹೊಡೆದು ಮಡಚಲು ನೋಡಿ, ಎಷ್ಟು ಅದುಮಿದರೂ ಸೆಟೆದು ನಿಲ್ಲುತ್ತದೆ. 1965ರ ಮಾರ್ಚ್ 18ರಂದು ಅಲೆಕ್ಸಿ ಲಿಯೊನೊವ್ ಹೀಗೆ ಸೆಟೆದುಕೊಂಡ ಉಡುಪಿನೊಳಗೆ ಸಿಕ್ಕಿಕೊಂಡಿದ್ದರು, ಅದೂ ನೌಕೆಯ ಹೊರಗೆ.

ಬಾಹ್ಯಾಕಾಶದಲ್ಲಿ ನೌಕೆಯಿಂದ ಆಚೆ ಬಂದ ಮೊದಲಿಗರು ಅವರು. ಸೋವಿಯತ್ ಒಕ್ಕೂಟದ ವೊಸ್ಖೋದ್-2ರಲ್ಲಿ ಜೊತೆಗಿದ್ದವರು ಪಾವೆಲ್ ಬೆಲ್ಯಾಯೆವ್. ಆ ನೌಕೆಯ ಎಲೆಕ್ಟ್ರಾನಿಕ್ ಉಪಕರಣಗಳು ತಣ್ಣಗಿರಬೇಕಾದರೆ ಒಳಗೆ ಗಾಳಿ ಇರಲೇಬೇಕಿತ್ತು. ಹಾಗಾಗಿ ನೇರವಾಗಿ ಬಾಗಿಲು ತೆರೆಯುವಂತಿರಲಿಲ್ಲ. ಅದಕ್ಕೆಂದೇ ಗಾಳಿ ತುಂಬಿದರೆ ಉಬ್ಬುವ, ಎರಡೂ ಕಡೆ ಬಾಗಿಲಿರುವ ಕೊಳವೆಯೊಂದನ್ನು ನೌಕೆಯ ಪಕ್ಕಕ್ಕೆ ಜೋಡಿಸಿದ್ದರು; ಅದರ ಮೂಲಕವೇ ಹೊರಗೆ ಹೋಗಿ ಬರಬೇಕಿತ್ತು. ಅದರ ಒಳಗಿನ ಅಗಲ ಸುಮಾರು 1 ಮೀಟರ್, ಅಷ್ಟೇ.

ಲಿಯೊನೊವ್ ಹೊರಗಿದ್ದದ್ದು 12 ನಿಮಿಷ. ಹೊರಗೆ ನಿರ್ವಾತ. ಉಡುಪಿನೊಳಗೆ ನಾವು ನೆಲದ ಮೇಲೆ ಅನುಭವಿಸುವ ಗಾಳಿಯೊತ್ತಡದ ಹತ್ತರಲ್ಲಿ ನಾಲ್ಕು ಪಾಲು. ಕಡಿಮೆಯೇ ಅನ್ನಿಸಬಹುದು, ಆದರೆ ಬಟ್ಟೆಯ ಪ್ರತಿ ಚದರ ಸೆಂಟಿಮೀಟರನ್ನೂ ಅದು ಸುಮಾರು 400 ಗ್ರಾಂ ತೂಕದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತದೆ. ಉಡುಪು ಉಬ್ಬಿತು. ಬೆರಳುಗಳು ಗವಸಿನ ತುದಿಯಿಂದ, ಪಾದಗಳು ಬೂಟಿನಿಂದ ಜಾರಿದವು. ಕ್ಯಾಮೆರಾದ ಗುಂಡಿ ತೊಡೆಯ ಬಳಿಯೇ ಇತ್ತು, ಕೈ ಅಲ್ಲಿಗೂ ಎಟುಕಲಿಲ್ಲ. ಇನ್ನು ಕೊಳವೆಯೊಳಗೆ ನುಸುಳುವುದು ಹೇಗೆ?

ಅವರು ಉಡುಪಿನ ಕವಾಟ ತಿರುಗಿಸಿ ಸ್ವಲ್ಪ ಸ್ವಲ್ಪವೇ ಒತ್ತಡ ಇಳಿಸಿದರು. ಗೋಲಿ ಸೋಡಾದ ಗೋಲಿ ಒತ್ತಿದೊಡನೆ ಗುಳ್ಳೆ ಏಳುವುದನ್ನು ನೋಡಿದ್ದೀರಲ್ಲ, ಒತ್ತಡ ತಟ್ಟನೆ ಇಳಿದರೆ ರಕ್ತದಲ್ಲಿ ಕರಗಿರುವ ಸಾರಜನಕವೂ ಹಾಗೇ ಗುಳ್ಳೆಯಾಗುತ್ತದೆ. ಅದು ಪ್ರಾಣಕ್ಕೇ ಎರವಾಗಬಹುದು. ಅಷ್ಟು ಹೊತ್ತೂ ಶುದ್ಧ ಆಮ್ಲಜನಕ ಉಸಿರಾಡಿದ್ದರಿಂದ ಅವರ ರಕ್ತದಲ್ಲಿ ಸಾರಜನಕ ಕಡಿಮೆಯಾಗಿತ್ತು. ಆ ಲೆಕ್ಕವನ್ನು ಅಲ್ಲಿ ತೇಲುತ್ತಲೇ ಹಾಕಿದ ಅವರ ಧೈರ್ಯ ನನಗಂತೂ ಆ ಬಾಹ್ಯಾಕಾಶ ನಡಿಗೆಗಿಂತ ದೊಡ್ಡದು. ಕಾಲು ಮೊದಲು ಹಾಕಬೇಕಿದ್ದಲ್ಲಿ ತಲೆ ಹಾಕಿ ನುಗ್ಗಿದರಂತೆ. ಆಮೇಲೆ ಕೊಳವೆಯ ಹೊರಬಾಗಿಲು ಮುಚ್ಚಲು ಆ ಒಂದು ಮೀಟರ್ ಅಗಲದಲ್ಲೇ ಮೈ ಮಡಚಿ ತಿರುಗಬೇಕಾಯಿತು. ಮೈಯೆಲ್ಲ ಬೆವರಿನಲ್ಲಿ ತೊಯ್ದುಹೋಗಿತ್ತು.

ಲಿಯೊನೊವ್ ಚಿತ್ರಕಾರರೂ ಹೌದು. ತೇಲಿಹೋಗದಂತೆ ದಾರ ಕಟ್ಟಿದ ಬಣ್ಣದ ಪೆನ್ಸಿಲ್ಲುಗಳನ್ನು ಒಯ್ದಿದ್ದರು. ಒಳಗೆ ಬಂದ ಮೇಲೆ ಕಕ್ಷೆಯಿಂದ ಕಂಡ ಸೂರ್ಯೋದಯವನ್ನು ಬಿಡಿಸಿದರು.

ಮರುದಿನ ಸ್ವಯಂಚಾಲಿತ ಇಳಿಕೆಯ ವ್ಯವಸ್ಥೆ ಕೈಕೊಟ್ಟಿತು. ಬೆಲ್ಯಾಯೆವ್ ಕೈಯಾರೆ ನೌಕೆ ಇಳಿಸಿದರು. ಗುರಿಯಿಂದ ನೂರಾರು ಕಿಲೋಮೀಟರ್ ಆಚೆ, ಹಿಮ ತುಂಬಿದ ಪೆರ್ಮ್ ಪ್ರಾಂತದ ಕಾಡಿನಲ್ಲಿ ಇಬ್ಬರೂ ಎರಡು ರಾತ್ರಿ ಕಳೆದು, ಹೆಲಿಕಾಪ್ಟರ್ ನಿಂತಿದ್ದ ಬಯಲಿಗೆ ಸ್ಕೀ ಕಟ್ಟಿಕೊಂಡು ಹೋದರು.