ತುರ್ಕಿ ಮಕ್ಕಳ ‘ದೆ’ ಪಜೀತಿ

ತುರ್ಕಿ ಭಾಷೆಯನ್ನು ನುಡಿದಂತೆ ಬರೆಯುತ್ತಾರೆ, ಹಾಗಾಗಿ ಅಲ್ಲಿ ಕಾಗುಣಿತದ ತಪ್ಪೇ ಆಗುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಕನ್ನಡದ ಬಗ್ಗೆಯೂ ಹೀಗೇ ಹೇಳುತ್ತೇವೆ ಅಲ್ವಾ? ಇದು ಅರ್ಧ ಮಾತ್ರ ನಿಜ. ಅಲ್ಲಿನ ಮಕ್ಕಳು ಪದದ ಪಕ್ಕ ಜಾಗ ಬಿಡುವಲ್ಲೇ ಎಡವುತ್ತಾರೆ.

‘ಎವ್’ ಅಂದರೆ ಮನೆ. ‘ಎವ್‌ದೆ’ ಎಂದು ಕೂಡಿಸಿ ಬರೆದರೆ ಮನೆಯಲ್ಲಿ. ‘ಎವ್ ದೆ’ ಎಂದು ಬಿಡಿಸಿ ಬರೆದರೆ ಮನೆಯೂ. ನಮ್ಮ ‘ಅಲ್ಲಿ’ ಮತ್ತು ‘ಊ’ ಮಾಡುವ ಎರಡು ಕೆಲಸಕ್ಕೂ ಅವರ ಕಿವಿಗೆ ಕೇಳುವುದು ಒಂದೇ ‘ದೆ’. ಮೇಷ್ಟ್ರು ಒಂದು ಉಪಾಯ ಹೇಳಿಕೊಡುತ್ತಾರೆ: ‘ದೆ’ ತೆಗೆದು ಓದು. ವಾಕ್ಯ ನಿಂತರೆ ಬಿಡಿಸಿ ಬರೆ, ಕುಸಿದರೆ ಕೂಡಿಸು. ಕನ್ನಡದಲ್ಲೇ ಮಾಡಿ ನೋಡಿ. ‘ನಾನೂ ಬಂದೆ’ಯಲ್ಲಿ ‘ಊ’ ತೆಗೆದರೂ ನಾನು ಬಂದೇ ಇರುತ್ತೇನೆ. ‘ಮನೆಯಲ್ಲಿ ಮಲಗಿದೆ’ಯಲ್ಲಿ ‘ಅಲ್ಲಿ’ ತೆಗೆದರೆ ಮನೆಯೇ ಮಲಗಿಬಿಡುತ್ತದೆ!

ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ಸಂಗತಿ. ಈ ವ್ಯತ್ಯಾಸ ಬಾಯಿಗೆ ಮೊದಲೇ ಗೊತ್ತು. ಕೂಡಿದ ‘ದೆ’ ನೊಗಕ್ಕೆ ಕಟ್ಟಿದ ಎತ್ತಿನಂತೆ, ಉಚ್ಚಾರದ ಒತ್ತು ಅದರ ಹೆಗಲಿಗೇ ಬೀಳುತ್ತದೆ. ಬಿಡಿ ‘ದೆ’ ಗಾಡಿಯ ಹಿಂದೆ ಬರುವ ಕರು, ಒತ್ತು ‘ಎವ್’ ಮೇಲೇ ಉಳಿಯುತ್ತದೆ. ಇನ್ನೊಂದು ಹೋಲಿಕೆ ಕೊಡುತ್ತೇನೆ. ಕೂಡಿದ್ದು ಮನೆಗೆ ಬಂದ ಸೊಸೆಯಂತೆ, ಆ ಮನೆಯ ಮಾತಿನ ಧಾಟಿಯನ್ನೇ ಹಿಡಿಯುತ್ತದೆ. ‘ಕಿತಾಪ್’ ಅಂದರೆ ಪುಸ್ತಕ, ನಮ್ಮ ‘ಕಿತಾಬು’ವಿನ ದಾಯಾದಿ. ‘ಪುಸ್ತಕದಲ್ಲಿ’ ಅನ್ನಲು ‘ಕಿತಾಪ್‌ತಾ’ ಎನ್ನಬೇಕು. ‘ಕಿತಾಪ್’ನ ‘ಆ’ಗೆ ಹೊಂದಿಕೊಂಡು ‘ದೆ’ಯ ಸ್ವರವೂ ‘ಆ’ ಆಯಿತು, ಗಡಸು ‘ಪ್’ ಪಕ್ಕ ‘ದ’ ಕೂಡ ‘ತ’ ಆಯಿತು. ಬಿಡಿ ‘ದೆ’ ಬರೀ ನೆಂಟ. ಸ್ವರವನ್ನು ಮಾತ್ರ ಹೊಂದಿಸಿಕೊಂಡು ‘ಕಿತಾಪ್ ದಾ’ ಎಂದು ನಿಲ್ಲುತ್ತದೆ, ವ್ಯಂಜನ ಬಿಟ್ಟುಕೊಡುವುದಿಲ್ಲ. ಒಂದು ಖಾಲಿ ಜಾಗ ಇಷ್ಟೆಲ್ಲ ಹೇಳುತ್ತದೆ.

ತುರ್ಕಿಯ ಈಗಿನ ಲಿಪಿಗೆ ಇನ್ನೂ ನೂರು ವರ್ಷವಾಗಿಲ್ಲ. 1928ರ ನವೆಂಬರ್ 1ರಂದು ಅರಬ್ಬಿ ಲಿಪಿ ಬಿಟ್ಟು 29 ಅಕ್ಷರಗಳ ಲ್ಯಾಟಿನ್ ವರ್ಣಮಾಲೆ ತರುವ ಕಾನೂನು ಬಂತು. 1932ರಲ್ಲಿ ತುರ್ಕಿ ಭಾಷಾ ಸಂಸ್ಥೆ ಹುಟ್ಟಿತು. 1983ರಲ್ಲಿ ಸರ್ಕಾರ ಅದನ್ನು ತನ್ನ ಹಿಡಿತಕ್ಕೆ ತಂದುಕೊಂಡಾಗ ಹಳಬರು ಹೊರಬಂದು 1987ರಲ್ಲಿ ಬೇರೆ ಸಂಘ ಕಟ್ಟಿದರು, ತಮ್ಮದೇ ಬರವಣಿಗೆ ಕೈಪಿಡಿ ತಂದರು. ಒಂದು ಭಾಷೆಗೆ ಎರಡು ಕೈಪಿಡಿ!

ಇನ್ನು ಅಕ್ಷರದ ತಲೆಯ ಮೇಲಿನ ಟೋಪಿ ಗುರುತು (^). ಅದನ್ನು ರದ್ದು ಮಾಡಿದ್ದಾರೆ ಎಂದು ಅಲ್ಲಿಯೂ ಎಷ್ಟೋ ಜನ ನಂಬುತ್ತಾರೆ. ಸುಳ್ಳು, ಸಂಸ್ಥೆಯ ಕೈಪಿಡಿಯಲ್ಲಿ ಈಗಲೂ ಇದೆ. ನಮಗೆ ದೀರ್ಘ ತೋರಿಸಲು ಕಾಗುಣಿತವಿದೆ, ಅವರಿಗೆ ಅಂಥ ಕಡೆ ಈ ಟೋಪಿಯೇ ಗತಿ. ‘ಹಲ’ ಅಂದರೆ ಸೋದರತ್ತೆ, ಟೋಪಿ ಇಟ್ಟ ‘ಹಾಲಾ’ ಅಂದರೆ ಇನ್ನೂ. ‘ಹಲಮ್ ಹಾಲಾ ಗೆಲ್ಮೆದಿ’ ಅಂದರೆ ‘ನಮ್ಮ ಸೋದರತ್ತೆ ಇನ್ನೂ ಬಂದಿಲ್ಲ’. ಪಠ್ಯಪುಸ್ತಕದ ಒಂದು ಪುಟದಲ್ಲಿ ಟೋಪಿ ಇಟ್ಟು ಇನ್ನೊಂದರಲ್ಲಿ ಬಿಟ್ಟರೆ ‘ಇನ್ನೂ’ ಕೂಡ ‘ಅತ್ತೆ’ಯಂತೆಯೇ ಕಾಣುತ್ತದೆ. ಓದಲು ಕಲಿಯುತ್ತಿರುವ ಮಗು ಅಲ್ಲೇ ಬೆರಳಿಟ್ಟು ನಿಲ್ಲುತ್ತದೆ.