ಓದುಗರ ಪ್ರಶ್ನೆ: ಟೋಪಿ ಮಾರುವವನ ಕಥೆ ಪಂಚತಂತ್ರದ ಯಾವ ಭಾಗದಲ್ಲಿದೆ?

ಮಂಗಳೂರಿನ ತಾಯಿಯೊಬ್ಬರು ಕೇಳಿದ್ದಾರೆ: "ಮಗನಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಟೋಪಿ ಮಾರುವವನು ಮತ್ತು ಮಂಗಗಳ ಕಥೆ ಪಂಚತಂತ್ರದ ಐದು ಭಾಗಗಳಲ್ಲಿ ಯಾವುದರಲ್ಲಿ ಬರುತ್ತದೆ?"

ಯಾವುದರಲ್ಲೂ ಬರುವುದಿಲ್ಲ. ಉಡುಪಿ ಸುತ್ತಮುತ್ತಲಿನ ಶಾಲೆಗಳಿಗೆ ಕಥೆ ಹೇಳಲು ಹೋದಲ್ಲೆಲ್ಲ ಈ ಮಾತನ್ನು ಹೇಳಿ ಹೇಳಿ ಸಾಕಾಗಿದೆ. ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಪಂಚತಂತ್ರದಲ್ಲಿ ಮಂಗಗಳಿಗೇನೂ ಬರವಿಲ್ಲ. ಮರದ ಬೆಣೆ ಕಿತ್ತು ಪ್ರಾಣ ಕಳಕೊಂಡ ಮಂಗ ಇದೆ. ಹೃದಯವನ್ನು ಮರದಲ್ಲೇ ಬಿಟ್ಟು ಬಂದೆ ಎಂದು ಹೇಳಿ ಮೊಸಳೆಯಿಂದ ಪಾರಾದ ಮಂಗ ಇದೆ. ಮಿಂಚುಹುಳವನ್ನು ಕೆಂಡ ಅಂದುಕೊಂಡು ಚಳಿ ಕಾಯಿಸಲು ಕೂತ ಮಂಗಗಳಿವೆ. ವ್ಯಾಪಾರಿಗಳೂ ಇದ್ದಾರೆ. ಸಂಜೀವಕ, ನಂದಕ ಎಂಬ ಎತ್ತುಗಳನ್ನು ಗಾಡಿಗೆ ಕಟ್ಟಿ ಹೊರಟ ವ್ಯಾಪಾರಿಯಿಂದಲೇ ಮೊದಲ ಭಾಗ ಶುರುವಾಗುತ್ತದೆ. ಟೋಪಿಯವನು ಮಾತ್ರ ಇಲ್ಲ. ನಮ್ಮ ದುರ್ಗಸಿಂಹ ಸುಮಾರು 1031ರಲ್ಲಿ ಕನ್ನಡದಲ್ಲಿ ಬರೆದ ಪಂಚತಂತ್ರದಲ್ಲೂ ಇಲ್ಲ.

"ನಮ್ಮ ಮನೆಯ ಪುಸ್ತಕದಲ್ಲಿ ಉಂಟಲ್ಲ ಟೀಚರ್" ಎಂದು ಕೆಲವರು ತಂದು ತೋರಿಸುತ್ತಾರೆ. ಇರುತ್ತದೆ. ಅದೇ ಪುಸ್ತಕದ ಮುಂದಿನ ಪುಟ ನೋಡಿ. ಹೂಜಿಗೆ ಕಲ್ಲು ಹಾಕಿ ನೀರು ಕುಡಿದ ಕಾಗೆ, ದ್ರಾಕ್ಷಿ ಹುಳಿ ಎಂದ ನರಿ, ಆಮೆ ಮೊಲದ ಓಟ. ಇವೆಲ್ಲ ಗ್ರೀಸಿನ ಈಸೋಪನ ಹೆಸರಿನಲ್ಲಿ ಬಂದ ಕಥೆಗಳು. ಪ್ರಾಣಿ ಕಂಡ ಕಥೆಯನ್ನೆಲ್ಲ ಒಟ್ಟು ಸೇರಿಸಿ ಮುಖಪುಟದಲ್ಲಿ 'ಪಂಚತಂತ್ರ' ಎಂದು ಅಚ್ಚು ಹಾಕುವ ಅಭ್ಯಾಸದಿಂದ ಬಂದ ಗೊಂದಲ ಇದು.

ನೀವೇ ಪರೀಕ್ಷೆ ಮಾಡಿ ನೋಡಲು ಸುಲಭದ ದಾರಿಯೊಂದಿದೆ. ನಿಜವಾದ ಪಂಚತಂತ್ರದಲ್ಲಿ ಕಥೆಯೊಳಗೆ ಕಥೆ. ಯಾರೋ ಇನ್ಯಾರಿಗೋ ಬುದ್ಧಿ ಹೇಳಲೆಂದೇ ಕಥೆ ತೆಗೆಯುತ್ತಾರೆ. ಬೆಣೆ ಕಿತ್ತ ಮಂಗನ ಕಥೆಯನ್ನು ಕರಟಕ ಎಂಬ ನರಿ ದಮನಕ ಎಂಬ ಇನ್ನೊಂದು ನರಿಗೆ ಹೇಳುವುದು, ನಮಗೆ ಸಂಬಂಧವಿಲ್ಲದ ಕೆಲಸಕ್ಕೆ ಕೈ ಹಾಕಬೇಡ ಅಂತ. ಟೋಪಿಯ ಕಥೆಯನ್ನು ಯಾರು ಯಾರಿಗೆ ಹೇಳಿದರು? ಸುಮ್ನೆ ಎಷ್ಟು ಹುಡುಕಿದರೂ ಉತ್ತರ ಸಿಗುವುದಿಲ್ಲ.

ನಿದ್ದೆ ಹೋದ ವ್ಯಾಪಾರಿಯ ಗಂಟು ಬಿಚ್ಚಿ ಸಾಮಾನನ್ನೆಲ್ಲ ಮರಕ್ಕೆ ಏರಿಸುವ ಮಂಗಗಳು ಯುರೋಪಿನ ಚಿತ್ರಗಳಲ್ಲಿ ಬಹಳ ಹಿಂದೆಯೇ ಇವೆ. 15ನೇ ಶತಮಾನದ ಒಂದು ಬೆಳ್ಳಿ ಲೋಟದ ತುಂಬ ಇದೇ ಚಿತ್ರ. ಲೋಟ ಈಗ ನ್ಯೂಯಾರ್ಕಿನ ಮ್ಯೂಸಿಯಂನಲ್ಲಿದೆ. 1562ರಲ್ಲಿ ಅಚ್ಚಾದ ಬ್ರೂಗೆಲ್‌ನ ಚಿತ್ರವೊಂದರಲ್ಲೂ ಅದೇ ವ್ಯಾಪಾರಿ, ಅದೇ ಮಂಗಗಳು. ಮಕ್ಕಳ ಪುಸ್ತಕವಾಗಿ ಹೆಚ್ಚು ಹೆಸರಾದದ್ದು ಎಸ್ಫಿರ್ ಸ್ಲೋಬೊಡ್ಕಿನಾ 1940ರಲ್ಲಿ ಅಮೆರಿಕದಲ್ಲಿ ತಂದ 'ಕ್ಯಾಪ್ಸ್ ಫಾರ್ ಸೇಲ್'. ಅದರಲ್ಲಿ ವ್ಯಾಪಾರಿಗೆ ಬುಟ್ಟಿಯೇ ಇಲ್ಲ. ಟೋಪಿಗಳೆಲ್ಲ ತಲೆಯ ಮೇಲೆ ಒಂದರ ಮೇಲೊಂದು. ಅಡಿಯಲ್ಲಿ ಅವನದೇ ಚೌಕುಳಿ ಟೋಪಿ, ತುದಿಯಲ್ಲಿ ಕೆಂಪು ಟೋಪಿಗಳು. ಕೊನೆಗೆ ಅವನು ಟೋಪಿ ಎಸೆಯುವುದು ಉಪಾಯದಿಂದಲ್ಲ, ಸಿಟ್ಟಿನಿಂದ! ನಮ್ಮಲ್ಲಿ ಹೇಳುವಾಗ ಅವನನ್ನು ಜಾಣನನ್ನಾಗಿ ಮಾಡಿದ್ದೇವೆ. ನನಗೆ ಸಿಟ್ಟಿನವನೇ ಜಾಸ್ತಿ ಇಷ್ಟ. ಅವನು ಕಾಲು ಅಪ್ಪಳಿಸುವಾಗ ಇಡೀ ಕ್ಲಾಸೇ ಮಂಗಗಳಾಗಿ ಕಾಲು ಅಪ್ಪಳಿಸುತ್ತದೆ.

ಪ್ರಾಜೆಕ್ಟಿಗೆ ಪಂಚತಂತ್ರವೇ ಆಗಬೇಕು ಅಂತಿದ್ದರೆ ಮಗ ಮೊಸಳೆಯ ಕಥೆ ಬರೆಯಲಿ. ಅದು ನಾಲ್ಕನೆಯ ಭಾಗ, ಲಬ್ಧಪ್ರಣಾಶ.

ಕಥೆ ಹೇಳುವಾಗ ಯಾವ ಟೋಪಿ ಹಿಡಿದುಕೊಳ್ಳಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಬಟ್ಟೆಯ ಟೋಪಿ ಬಿಟ್ಟು ಮುಟ್ಟಾಳೆ ಒಯ್ಯುತ್ತೇನೆ. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಮಡಚಿ ಹೊಲಿದದ್ದು. ಒಳಗೆ ನುಣುಪು, ಹೊರಗೆ ಗೆರೆ ಗೆರೆ. ನೆಲಕ್ಕೆ ಎಸೆದರೆ ಟಪ್ ಎಂದು ಸದ್ದಾಗುತ್ತದೆ, ಬಟ್ಟೆಯ ಟೋಪಿಗೆ ಆ ಸದ್ದು ಎಲ್ಲಿಂದ ಬರಬೇಕು? ನಮ್ಮ ತೋಟಗಳಲ್ಲಿ ಮಂಗಗಳಿಗೂ ಕೊರತೆಯಿಲ್ಲ, ಅಲ್ವಾ.

ಒಮ್ಮೆ ಮೂರನೇ ಕ್ಲಾಸಿನ ಹುಡುಗಿ ಎದ್ದು ನಿಂತಳು. "ಮುಟ್ಟಾಳೆ ನಮ್ಮ ಅಜ್ಜ ಮನೆಯಲ್ಲೇ ಮಾಡ್ತಾರೆ ಟೀಚರ್. ಅದನ್ನು ದುಡ್ಡು ಕೊಟ್ಟು ಯಾರು ತೆಕ್ಕೊಳ್ತಾರೆ?" ಅವಳು ಹೇಳಿದ್ದು ಸರಿ ಇತ್ತು. ಅಂದಿನಿಂದ ನನ್ನ ಕಥೆಯ ಅಜ್ಜ ಟೋಪಿ ಮಾರುವುದಿಲ್ಲ. ತೋಟದಲ್ಲಿ ಕೆಲಸ ಮಾಡುವವರಿಗೆಂದು ಮುಟ್ಟಾಳೆ ಹೊಲಿದು, ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗುತ್ತಾನೆ.