ಕೆನ್ನೆ ಏಟು ಮೂರು ಸಲ ಯಾಕೆ?

ಸೀರಿಯಲ್ ಎಡಿಟಿಂಗ್ ನನ್ನ ಕೆಲಸ. ಮನೆಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಅತ್ತೆ ಸೊಸೆಗೆ ಹೊಡೆಯೋದು ಒಂದು ಸಲ, ನೀವ್ಯಾಕೆ ಮೂರು ಸಲ ತೋರಿಸ್ತೀರಿ?

ಒಂದು ಕಾರಣ ಸರಳ. ಜಾಹೀರಾತು ಕಳೆದು ಅರ್ಧ ಗಂಟೆಯ ಕಂತಿಗೆ ಸುಮಾರು 22 ನಿಮಿಷ ತುಂಬಬೇಕು, ಅದೂ ವಾರಕ್ಕೆ ಐದೋ ಆರೋ ಕಂತು. ಶೂಟಿಂಗ್‌ನಿಂದ ಬಂದದ್ದು ಸಾಲದಿದ್ದರೆ ಎಳೆಯುತ್ತೇವೆ. ಎತ್ತಿದ ಕೈ, ಮನೆಯವರ ಆರು ಮುಖ, ಮತ್ತೆ ಕೈ, ಜೊತೆಗೆ ಧಡಾರ್ ಅಂತ ಸದ್ದು. ಎರಡು ಸೆಕೆಂಡಿನ ಶಾಟ್ 40 ಸೆಕೆಂಡ್ ಆಗುತ್ತದೆ. ಆ ಸದ್ದಿಗೆ ಒಗ್ಗರಣೆ ಹಾಕುತ್ತಿದ್ದವರೂ ಅಡುಗೆಮನೆಯಿಂದ ಇಣುಕಬೇಕು.

ಇನ್ನೊಂದು ಟಿಆರ್‌ಪಿ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಅಂತ ಅಳೆಯುವ ಬಾರ್ಕ್ ಸಂಸ್ಥೆಯ ಅಂಕಿ ಪ್ರತಿ ಗುರುವಾರ ಬರುತ್ತದೆ. ದೇಶದ 20 ಕೋಟಿಗೂ ಜಾಸ್ತಿ ಟಿವಿ ಮನೆಗಳ ಪರವಾಗಿ 50 ಸಾವಿರಕ್ಕೂ ಜಾಸ್ತಿ ಮನೆಗಳಲ್ಲಿ ಮೀಟರ್ ಇದೆ. ಕಾರ್ಯಕ್ರಮದ ಸದ್ದಿನೊಳಗೆ ಕಿವಿಗೆ ಕೇಳದ ಗುರುತೊಂದು ಇರುತ್ತದೆ. ಅದನ್ನು ಹಿಡಿದು ಯಾವ ಚಾನೆಲ್ ಓಡುತ್ತಿದೆ ಅಂತ ಮೀಟರ್ ಬರೆದುಕೊಳ್ಳುತ್ತದೆ, ಯಾರು ನೋಡುತ್ತಿದ್ದಾರೆ ಅನ್ನೋದನ್ನು ಮನೆಯವರೇ ಬಟನ್ ಒತ್ತಿ ತಿಳಿಸುತ್ತಾರೆ. ಅಷ್ಟೇ. ಇಷ್ಟಪಟ್ಟು ನೋಡಿದರೋ, "ಥೂ, ಎಂಥಾ ಹೆಂಗಸಪ್ಪಾ ಇವಳು" ಅಂತ ಬೈದುಕೊಂಡು ನೋಡಿದರೋ, ಮೀಟರಿಗೆ ಎರಡೂ ಒಂದೇ. ಜನಕ್ಕೆ ಇದೇ ಬೇಕು ಅನ್ನೋ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಒಮ್ಮೆ ಒಂದು ಸೀನ್ ಬಂತು. ಇಬ್ಬರು ವಾರಗಿತ್ತಿಯರು ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ ತವರಿನ ಮಾತಾಡುತ್ತಾರೆ. ಜಗಳ ಇಲ್ಲ. ಸಣ್ಣವಳು ನಗುತ್ತಾ ನಗುತ್ತಾ ಸುಮ್ಮನಾಗಿಬಿಡುತ್ತಾಳೆ, ದೊಡ್ಡವಳು ಏನೂ ಕೇಳದೆ ಮೊರವನ್ನು ತನ್ನ ಕಡೆ ಎಳೆದುಕೊಳ್ಳುತ್ತಾಳೆ. ಮೂರು ನಿಮಿಷದ ಸೀನ್. "ಇಲ್ಲಿ ರೇಟಿಂಗ್ ಬೀಳುತ್ತೆ, 20 ಸೆಕೆಂಡ್ ಸಾಕು" ಅಂದರು ಮೇಲಿನವರು. ಕತ್ತರಿಸಿದೆ. ಉಳಿದ ಜಾಗಕ್ಕೆ ಏಟು ಬಂತು.

ಏಟು ತಿಂದು ಸುಮ್ನಿದ್ದವಳೇ ಒಳ್ಳೆ ಸೊಸೆ ಅನ್ನೋದನ್ನು ದಿನಾ ಊಟದ ಹೊತ್ತಿಗೆ ಮನೆಮಂದಿಯೆಲ್ಲ ನೋಡುತ್ತಾರೆ. ತಟ್ಟೆ ಹಿಡಿದು ಪಕ್ಕದಲ್ಲಿ ಕೂತ ಹುಡುಗಿಯೂ ನೋಡುತ್ತಾಳೆ ಅಲ್ವಾ? ಅದು ನನ್ನ ಕೈಯಿಂದ ಹೋಗುತ್ತಿದೆ ಅನ್ನೋ ನೋವು ನನಗಿದೆ.

ನಿಮ್ಮ ಮನೆಯಲ್ಲಿ ಮೀಟರ್ ಇಲ್ಲದಿದ್ದರೆ ಚಾನೆಲ್ ಬದಲಿಸಿದ್ದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಬರೆದದ್ದು ಸೇರುತ್ತದೆ. ಮನರಂಜನೆ ಚಾನೆಲ್‌ಗಳ ಮೇಲಿನ ದೂರು ಕೇಳಲು 2011ರಿಂದ ಬಿಸಿಸಿಸಿ ಎಂಬ ಮಂಡಳಿಯೇ ಇದೆ. ದೂರಷ್ಟೇ ಬೇಡ, ಹಿಡಿಸಿದ್ದನ್ನೂ ಚಾನೆಲ್‌ಗೆ ಬರೆಯಿರಿ. ಅವರೆಕಾಯಿ ಸೀನ್ ಚೆನ್ನಾಗಿತ್ತು, ಯಾಕೆ ಅಷ್ಟು ಬೇಗ ಮುಗಿಸಿದಿರಿ ಅಂತ ಹತ್ತು ಜನ ಬರೆದಿದ್ದರೆ, ಗುರುವಾರದ ಮೀಟಿಂಗಿನಲ್ಲಿ ನಾನು ಅದನ್ನೇ ಮೇಜಿನ ಮೇಲೆ ಇಡುತ್ತಿದ್ದೆ.